ಅಂಕೆಯಾದ ಅಕ್ಷರ: ಕನ್ನಡ ಗಣಕದ ಹವ್ಯಾಸಿಗಳು

ಕಂಪ್ಯೂಟರಿಗೆ ಗೊತ್ತಿರುವುದು ಅಂಕೆ ಮಾತ್ರ. ಯಾವ ಭಾಷೆಯ ಅಕ್ಷರವಾದರೂ ಅದರೊಳಗೆ ಹೋಗುವ ಮೊದಲು ಒಂದು ಸಂಖ್ಯೆಯಾಗಬೇಕು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿ ಕೈಯಲ್ಲಿದ್ದವರು ಅದನ್ನು ಮತ್ತೆ ಅಕ್ಷರವಾಗಿ ಓದಬಲ್ಲರು. ಇಲ್ಲದವರ ಪಾಲಿಗೆ ಅದು ಗುಪ್ತಲಿಪಿ. ಇಂಗ್ಲಿಷಿನ ಪಟ್ಟಿಯನ್ನು 1963ರಲ್ಲೇ ಅಮೆರಿಕದ ಮಾನಕ ಸಂಸ್ಥೆ ನಿಗದಿ ಮಾಡಿತು. ಕನ್ನಡಕ್ಕೆ ಒಂದೇ ಪಟ್ಟಿ ಊರ್ಜಿತವಾಗಲು ಅದಾದ ಮೇಲೆ ಸುಮಾರು ಅರ್ಧ ಶತಮಾನ ಹಿಡಿಯಿತು. ನಡುವಿನ ಕಾಲದಲ್ಲಿ ಪಟ್ಟಿ ಕಟ್ಟಿದವರು, ಕೀಲಿಮಣೆ ರೂಪಿಸಿದವರು, ಒಬ್ಬರ ಪಟ್ಟಿಯನ್ನು ಇನ್ನೊಬ್ಬರ ಪಟ್ಟಿಗೆ ಹೊಂದಿಸಿದವರು ಬಹುಮಟ್ಟಿಗೆ ಹವ್ಯಾಸಿಗಳು: ಅಚ್ಚುಕೂಟದ ತಂತ್ರಜ್ಞರು, ರಸಾಯನ ವಿಜ್ಞಾನಿ, ಹೊರದೇಶದಲ್ಲಿ ಉದ್ಯೋಗದಲ್ಲಿದ್ದು ಬಿಡುವಿನಲ್ಲಿ ಪ್ರೋಗ್ರಾಂ ಬರೆದವರು. ಕಂಪನಿಗಳೂ ಸರ್ಕಾರವೂ ಈ ಕಥೆಯಲ್ಲಿವೆ. ಹೆಚ್ಚಿನ ಸಲ ಹಿಂದಿನಿಂದ ಬಂದು ಸೇರಿಕೊಂಡಿವೆ.

ಅಕ್ಷರವನ್ನು ಬಚ್ಚಿಡುವ ಆಟ ಕನ್ನಡ ನಾಡಿಗೆ ಹೊಸದಲ್ಲ. ವಾತ್ಸ್ಯಾಯನ ಹೇಳುವ ಅರವತ್ತನಾಲ್ಕು ಕಲೆಗಳಲ್ಲಿ ಮ್ಲೇಚ್ಛಿತವಿಕಲ್ಪವೂ ಒಂದು. ಒಂದಕ್ಷರದ ಜಾಗದಲ್ಲಿ ಇನ್ನೊಂದನ್ನು ಇಟ್ಟು, ಗೊತ್ತಿದ್ದವರಿಗಷ್ಟೇ ತಿಳಿಯುವಂತೆ ಬರೆಯುವ ವಿದ್ಯೆ ಅದು. ಕನ್ನಡ ಕವಿಗಳಿಗೂ ಲಾಕ್ಷಣಿಕರಿಗೂ ಚಿತ್ರಕವಿತ್ವ ಪರಿಚಿತವಾಗಿತ್ತು. ಅಕ್ಷರಗಳನ್ನು ಚಕ್ರದಲ್ಲಿಯೋ ಪದ್ಮದಲ್ಲಿಯೋ ಹೊಂದಿಸಿ ಓದುವ ದಾರಿಯನ್ನೇ ಒಗಟು ಮಾಡುವ ಬಂಧಗಳು ಅದರಲ್ಲಿ ಬರುತ್ತವೆ. ಈ ಸಾಲಿನಲ್ಲಿ ಗಣಕಕ್ಕೆ ಎಲ್ಲಕ್ಕಿಂತ ಹತ್ತಿರವಾದ ಕೃತಿ ‘ಸಿರಿಭೂವಲಯ’.

ಕುಮುದೇಂದು ಮುನಿಯ ಹೆಸರಿನಲ್ಲಿರುವ ಈ ಗ್ರಂಥದಲ್ಲಿ ಅಕ್ಷರಗಳೇ ಇಲ್ಲ, ಬರೀ ಅಂಕೆಗಳು. ಒಂದೊಂದು ಚಕ್ರದಲ್ಲಿ ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆಗಳು. ಪ್ರತಿ ಮನೆಯಲ್ಲಿ 1ರಿಂದ 64ರೊಳಗಿನ ಒಂದು ಸಂಖ್ಯೆ. 64 ಎಂಬುದು ಧ್ವನಿಗಳ ಎಣಿಕೆ. ಒಂಬತ್ತು ಸ್ವರಗಳು ಹ್ರಸ್ವ, ದೀರ್ಘ, ಪ್ಲುತ ಎಂದು ಮೂರು ಬಗೆಯಾಗಿ 27, ವರ್ಗೀಯ ವ್ಯಂಜನ 25, ಅವರ್ಗೀಯ 8, ಯೋಗವಾಹ 4. ಈ ಲೆಕ್ಕದಲ್ಲಿ ಅಕಾರ 1, ಕಕಾರ 28, ಹಕಾರ 60. ‘ಕನ್ನಡ’ ಎಂಬ ಮಾತನ್ನು ಹೀಗೆ ಬರೆದರೆ 28, 1, 47, 47, 1, 40, 1 ಎಂದು ಏಳು ಅಂಕೆಗಳಾಗುತ್ತವೆ. ಆದರೆ ಅವು ಚಕ್ರದಲ್ಲಿ ಸಾಲಾಗಿ ಕೂತಿರುವುದಿಲ್ಲ. ಚಕ್ರಬಂಧದ ಓದು ಮೇಲಿನ ಸಾಲಿನ ನಟ್ಟನಡುವಿನ, ಅಂದರೆ ಹದಿನಾಲ್ಕನೆಯ ಮನೆಯಿಂದ ಆರಂಭವಾಗಿ ಓರೆಯಾಗಿ ಸಾಗುತ್ತದೆ. ಅಂಚಿಗೆ ಬಂದಾಗ ಎದುರಿನ ಅಂಚಿಗೆ ಹಾರುತ್ತದೆ. ಬೆಸಸಂಖ್ಯೆಯ ಮಾಯಾಚೌಕಗಳನ್ನು ತುಂಬುವ ಕ್ರಮವೂ ಇದೇ. ಬೇರೆ ಬಂಧಗಳಿಗೆ ಬೇರೆ ದಾರಿ. ಹೀಗೆ ಈ ಕೃತಿಗೆ ಎರಡು ಬೀಗಗಳಿವೆ: ಧ್ವನಿಯ ಜಾಗದಲ್ಲಿ ಅಂಕೆ ಇಟ್ಟದ್ದು ಒಂದು, ಅಂಕೆಗಳ ಸ್ಥಾನವನ್ನು ಪಲ್ಲಟ ಮಾಡಿದ್ದು ಇನ್ನೊಂದು. ಇಂದಿನ ಗೂಢಲಿಪಿ ಶಾಸ್ತ್ರದ ಪಠ್ಯಪುಸ್ತಕಗಳು ಮೊದಲ ಅಧ್ಯಾಯದಲ್ಲಿ ಕಲಿಸುವ ಎರಡು ಪಾಠಗಳೂ ಇವೇ.

ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಒಂಬತ್ತನೆಯ ಶತಮಾನವೆಂದವರಿದ್ದಾರೆ; ಭಾಷೆಯನ್ನು ನೋಡಿ ಅದಕ್ಕಿಂತ ಬಹಳ ಈಚಿನದೆಂದವರೂ ಇದ್ದಾರೆ. ಎರಡನೆಯವರ ವಾದಕ್ಕೇ ಹೆಚ್ಚು ಬಲವಿದೆ. ಜಗತ್ತಿನ ಸಕಲ ವಿದ್ಯೆಗಳೂ ಎಲ್ಲ ಭಾಷೆಗಳೂ ಇದರೊಳಗಿವೆ ಎಂಬ ಹೊಗಳಿಕೆಯನ್ನು ಪಕ್ಕಕ್ಕಿಟ್ಟರೂ ಅಂಕಲಿಪಿಯ ಕೌಶಲ ಉಳಿಯುತ್ತದೆ. ಗ್ರಂಥ ಅಚ್ಚಾದದ್ದು 1953ರಲ್ಲಿ. ಹಸ್ತಪ್ರತಿಯನ್ನು ಕಾಪಾಡಿದವರು ಆಯುರ್ವೇದ ಪಂಡಿತ ಯಲ್ಲಪ್ಪ ಶಾಸ್ತ್ರಿ. ಬಿಡಿಸಿ ಸಂಪಾದಿಸಿದವರು ಕರ್ಲಮಂಗಲಂ ಶ್ರೀಕಂಠಯ್ಯ. ಅವರ ಜೊತೆ ದುಡಿದ ಮೂರನೆಯವರು ಕೆ. ಅನಂತಸುಬ್ಬರಾಯರು, ಕನ್ನಡ ಬೆರಳಚ್ಚು ಯಂತ್ರಕ್ಕೆ ಕೀಲಿಮಣೆ ರೂಪಿಸಿದ ವ್ಯಕ್ತಿ. ಕನ್ನಡದ ನೂರಾರು ಗುಣಿತ, ಒತ್ತುಗಳನ್ನು ಕೆಲವೇ ಕೀಲಿಗಳಿಗೆ ಇಳಿಸುವುದು ಹೇಗೆಂದು ತಲೆ ಕೆಡಿಸಿಕೊಂಡವರು 64 ಅಂಕೆಗಳಲ್ಲಿ ಕನ್ನಡವನ್ನು ಹಿಡಿದ ಪುಸ್ತಕದ ಮುಂದೆ ಕುಳಿತದ್ದು ಸಹಜವೇ.

ಅಚ್ಚುಮೊಳೆಯ ಕಾಲದಲ್ಲಿ ಕನ್ನಡದ ತೊಡಕು ಆಕಾರದ್ದಾಗಿತ್ತು. ಮೊಳೆ ಜೋಡಿಸುವವನ ಮುಂದಿನ ಖಾನೆಗಳಲ್ಲಿ ಅಕ್ಷರ, ಗುಣಿತ, ಒತ್ತು ಎಂದು ನೂರಾರು ತುಂಡುಗಳಿರುತ್ತಿದ್ದವು. ಬೆರಳಚ್ಚು ಯಂತ್ರವೂ ಆಕಾರಗಳನ್ನೇ ಹೊಡೆಯುತ್ತಿತ್ತು. ಆಕಾರವನ್ನು ಬಿಟ್ಟು ಧ್ವನಿಯನ್ನು ಹಿಡಿಯಬೇಕು, ಆಕಾರ ಕಟ್ಟುವ ಕೆಲಸವನ್ನು ಯಂತ್ರಕ್ಕೇ ಬಿಡಬೇಕು ಎಂಬ ತಿರುವು ಬಂದದ್ದು ಕಿನ್ನಿಕಂಬಳದ ಪದ್ಮನಾಭ ರಾಯರಿಂದ. ಕೆ.ಪಿ. ರಾವ್ ಎಂದು ಹೆಸರಾದ ಅವರು ಮಂಗಳೂರು ಸೀಮೆಯವರು, 1940ರಲ್ಲಿ ಹುಟ್ಟಿದವರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಆಮೇಲೆ ಟಾಟಾ ಪ್ರೆಸ್ಸಿನಲ್ಲಿಯೂ ದುಡಿದರು. ಲಿಪಿ ವಿದ್ವಾಂಸ ಐರಾವತಂ ಮಹಾದೇವನ್ ಸಿಂಧೂ ಲಿಪಿಯ ಬರಹಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ ಪದಾನುಕ್ರಮಣಿಕೆ ಸಿದ್ಧಪಡಿಸುತ್ತಿದ್ದ ಕಾಲ ಅದು. ಆ ಕೆಲಸದಲ್ಲಿ ರಾಯರ ಕೈಯೂ ಇತ್ತು. 1977ರಲ್ಲಿ ಭಾರತೀಯ ಪುರಾತತ್ವ ಇಲಾಖೆ ಪ್ರಕಟಿಸಿದ ಆ ಗ್ರಂಥ 417 ಚಿಹ್ನೆಗಳನ್ನು ಗುರುತಿಸುತ್ತದೆ. ಯಾರಿಗೂ ಓದಲಾಗದ ಲಿಪಿಗೆ ಒಂದೊಂದು ಚಿಹ್ನೆಗೂ ಸಂಖ್ಯೆ ಕೊಟ್ಟು ಅಚ್ಚು ಹಾಕಲು ಸಾಧ್ಯವಾದ ಮೇಲೆ, ಕೋಟ್ಯಂತರ ಜನ ಓದುವ ಕನ್ನಡಕ್ಕೆ ಅದೇಕೆ ಆಗಬಾರದು?

ರಾಯರ ಕೀಲಿಮಣೆ ಇಂಗ್ಲಿಷಿನ 26 ಕೀಲಿಗಳಲ್ಲೇ ಮುಗಿಯುತ್ತದೆ. ಅಲ್ಪಪ್ರಾಣಕ್ಕೆ ಕೀಲಿ, ಮಹಾಪ್ರಾಣಕ್ಕೆ ಅದೇ ಕೀಲಿಯ ಮೇಲುರೂಪ. ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಇಂಗ್ಲಿಷಿನಲ್ಲಿ ಜೋಡಿ ಇಲ್ಲದ ಧ್ವನಿಗಳಿಗೆ ಕನ್ನಡಕ್ಕೆ ಬೇಡವಾದ ಕೀಲಿಗಳನ್ನು ಹಂಚಲಾಗಿದೆ: ‘ಕ್ಯೂ’ ಟಕಾರವಾಯಿತು, ‘ಡಬ್ಲ್ಯೂ’ ಡಕಾರವಾಯಿತು, ‘ಎಕ್ಸ್’ ಷಕಾರವಾಯಿತು. ಇಡೀ ವಿನ್ಯಾಸದ ಜೀವ ‘ಎಫ್’ ಕೀಲಿಯಲ್ಲಿದೆ. ಅದು ಎರಡು ವ್ಯಂಜನಗಳನ್ನು ಬೆಸೆಯುವ ಕೊಂಡಿ. ‘ಕನ್ನಡ’ ಬರೆಯಲು ಕ, ನ, ಕೊಂಡಿ, ನ, ಡ ಎಂದು ಐದು ಒತ್ತು ಸಾಕು. ಒತ್ತಕ್ಷರ ಕೆಳಗೆ ಹೋಗಬೇಕೋ, ಎಷ್ಟು ಪುಟ್ಟದಾಗಬೇಕೋ ಎಂಬ ಚಿಂತೆ ಬರೆಯುವವನದಲ್ಲ. ಈ ವಿನ್ಯಾಸಕ್ಕೆ ರಾಯರು ಹಕ್ಕುಸ್ವಾಮ್ಯದ ಬೇಲಿ ಹಾಕಲಿಲ್ಲ. ತಾವು ಬರೆದ ತಂತ್ರಾಂಶಕ್ಕೆ ಛಂದಸ್ಸು ಹಾಗೂ ಭಾಷಾಶಾಸ್ತ್ರದ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದರು. ಮುಂದೆ ಕರ್ನಾಟಕ ಸರ್ಕಾರ ಇದೇ ವಿನ್ಯಾಸವನ್ನು ಅಧಿಕೃತ ಕೀಲಿಮಣೆ ಎಂದು ಒಪ್ಪಿತು. ಇಂದು ಕರ್ನಾಟಕದ ಕಚೇರಿಗಳಲ್ಲಿ ಟೈಪು ಮಾಡುವ ಅನೇಕರಿಗೆ ಅದು ‘ನುಡಿ ಕೀಬೋರ್ಡ್’. ಮೂಲ ಕರ್ತೃವಿನ ಹೆಸರು ಎಲ್ಲರಿಗೂ ಗೊತ್ತಿಲ್ಲ.

ಇದೇ ಕಾಲದಲ್ಲಿ ಯಂತ್ರದ ಕಡೆಯಿಂದಲೂ ಪ್ರಯತ್ನ ನಡೆದಿತ್ತು. ಕಾನ್ಪುರದ ಐಐಟಿಯಲ್ಲಿ ಮೊಳೆತು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಕಾರ್ಡನ್ನು ಕಂಪ್ಯೂಟರಿನ ಹೊಟ್ಟೆಯಲ್ಲಿ ಸಿಕ್ಕಿಸಿದರೆ ಡಾಸ್ ಪರದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಅದರ ಬೆನ್ನಿಗಿದ್ದದ್ದು ‘ಇಸ್ಕಿ’ ಎಂಬ ಸಂಕೇತಪಟ್ಟಿ. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಅದಕ್ಕೆ ಮುದ್ರೆ ಒತ್ತಿತು. ಬ್ರಾಹ್ಮಿಯಿಂದ ಬಂದ ಭಾರತೀಯ ಲಿಪಿಗಳೆಲ್ಲದರಲ್ಲೂ ಒಂದು ಧ್ವನಿಗೆ ಒಂದೇ ಸಂಖ್ಯೆ ಎಂಬುದು ಇಸ್ಕಿಯ ತತ್ವ. ಹಿಂದಿಯ ಕಕಾರವೂ ಕನ್ನಡದ ಕಕಾರವೂ 179. ಯಾವ ಲಿಪಿಯ ಉಡುಪಿನಲ್ಲಿ ತೋರಿಸಬೇಕೆಂಬುದು ಆಮೇಲಿನ ಮಾತು. ಯೋಚನೆ ಅಂದವಾಗಿತ್ತು, ಆದರೆ ಕಾರ್ಡಿನ ಬೆಲೆ ಹವ್ಯಾಸಿಗಳ ಜೇಬಿಗೆ ಭಾರವಾಗಿತ್ತು.

ಬೆಂಗಳೂರಿನ ಹವ್ಯಾಸಿಗಳಿಗೆ ಎಲೆಕ್ಟ್ರಾನಿಕ್ಸಿನ ರುಚಿ ಅದಕ್ಕೂ ಹಿಂದಿನಿಂದ ಇತ್ತು. 1948ರಲ್ಲಿ ಐಟಿಐ ಕಾರ್ಖಾನೆ, 1954ರಲ್ಲಿ ಬಿಇಎಲ್ ಕಾರ್ಖಾನೆ ಬಂದ ಮೇಲೆ ಸೋಲ್ಡರಿಂಗ್ ಕಡ್ಡಿ ಹಿಡಿಯಬಲ್ಲ ಕೈಗಳು ಊರಲ್ಲಿ ಹೆಚ್ಚಿದವು. ಬೆಂಗಳೂರು ಹವ್ಯಾಸಿ ರೇಡಿಯೊ ಕ್ಲಬ್ ಆರಂಭವಾದದ್ದು 1959ರಲ್ಲಿ. ಹ್ಯಾಮ್‌ಗಳು ಎನಿಸಿಕೊಂಡ ಈ ರೇಡಿಯೊ ಹವ್ಯಾಸಿಗಳು ಹಳೆಯ ಬಿಡಿಭಾಗಗಳಿಂದ ತಾವೇ ಪ್ರೇಷಕ, ಗ್ರಾಹಕಗಳನ್ನು ಕಟ್ಟುತ್ತಿದ್ದರು. ಸಾದರ ಪತ್ರಪ್ಪ ರಸ್ತೆಯ, ಅಂದರೆ ಎಸ್.ಪಿ. ರೋಡಿನ ಅಂಗಡಿಗಳು ಇಂಥವರಿಗೆ ಇಂದಿಗೂ ಆಸರೆ. ಅವರ ಆಟಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ: ಹವ್ಯಾಸಿ ರೇಡಿಯೊದಲ್ಲಿ ಅರ್ಥ ಮರೆಸುವ ಗುಪ್ತಸಂಕೇತ ಬಳಸುವಂತಿಲ್ಲ. ಮೋರ್ಸ್ ಆಗಬಹುದು, ಏಕೆಂದರೆ ಅದರ ಪಟ್ಟಿ ಲೋಕಕ್ಕೆಲ್ಲ ಗೊತ್ತು.

ಈ ನಿಯಮ ಕನ್ನಡ ಫಾಂಟುಗಳಿಗೂ ಇದ್ದಿದ್ದರೆ ಒಳ್ಳೆಯದಿತ್ತು. ತೊಂಬತ್ತರ ದಶಕದಲ್ಲಿ ವಿಂಡೋಸ್ ಬಂದು, ಊರೂರಿಗೆ ಡಿಟಿಪಿ ಅಂಗಡಿಗಳು ತೆರೆದಾಗ ಕನ್ನಡ ಕಂಪ್ಯೂಟರಿಗೆ ಹೋದದ್ದು ಹಿಂಬಾಗಿಲಿನಿಂದ. ಆಗಿನ ಫಾಂಟ್ ಎಂದರೆ 256 ಖಾನೆಗಳ ಪೆಟ್ಟಿಗೆ. ಪ್ರತಿ ಖಾನೆಯಲ್ಲಿ ಒಂದು ಚಿತ್ರ. ಇಂಗ್ಲಿಷ್ ಹಾಗೂ ಯುರೋಪಿನ ಅಕ್ಷರಗಳ ಚಿತ್ರಗಳನ್ನು ತೆಗೆದು ಆ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದರೆ ಪರದೆಯ ಮೇಲೆ ಕನ್ನಡ ಕಾಣುತ್ತದೆ. ಕಂಪ್ಯೂಟರು ಮಾತ್ರ ತಾನು ಇಂಗ್ಲಿಷನ್ನೇ ಇಟ್ಟುಕೊಂಡಿದ್ದೇನೆ ಎಂದು ನಂಬಿರುತ್ತದೆ. ಯಾವ ಖಾನೆಯಲ್ಲಿ ಯಾವ ತುಂಡು ಎಂಬುದು ಮಾಡಿದವರ ಇಷ್ಟ. ಶ್ರೀಲಿಪಿ ತಂತ್ರಾಂಶದ್ದು ಒಂದು ಪಟ್ಟಿ, ಆಕೃತಿಯದು ಇನ್ನೊಂದು, ಪ್ರಕಾಶಕ್‌ನದು ಮತ್ತೊಂದು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಲಸುಮೇಲೋಗರ. ಲೇಖಕ ಮನೆಯಲ್ಲಿ ಟೈಪು ಮಾಡಿ ಫ್ಲಾಪಿಯಲ್ಲಿ ಕಳಿಸಿದ ಲೇಖನವನ್ನು ಪತ್ರಿಕೆಯವರು ಮೊದಲಿಂದ ಮತ್ತೆ ಟೈಪು ಮಾಡಿಸುತ್ತಿದ್ದರು. ಪಟ್ಟಿ ಕೊಡದಿರುವುದು ಕೆಲವರಿಗೆ ವ್ಯಾಪಾರದ ಗುಟ್ಟೂ ಆಗಿತ್ತು.

ಈ ಬೇಲಿಯನ್ನು ಮುರಿದದ್ದು ‘ಬರಹ’ ಎಂಬ ತಂತ್ರಾಂಶ. ಅಮೆರಿಕದಲ್ಲಿ ಸಾಫ್ಟ್‌ವೇರ್ ಎಂಜಿನಿಯರಾಗಿದ್ದ ಶೇಷಾದ್ರಿವಾಸು ಚಂದ್ರಶೇಖರನ್ 1998ರಲ್ಲಿ ಅದನ್ನು ಹೊರತಂದು ವರ್ಷಗಟ್ಟಲೆ ಉಚಿತವಾಗಿ ಕೊಟ್ಟರು. ಇಂಗ್ಲಿಷ್ ಕಾಗುಣಿತದಲ್ಲಿ ಉಚ್ಚಾರದಂತೆ ಬರೆದರೆ ಕನ್ನಡವಾಗುತ್ತಿತ್ತು. ‘ಕನ್ನಡ’ಕ್ಕೆ ಏಳು ಒತ್ತು, ಭೂವಲಯದ ಏಳು ಅಂಕೆಗಳ ಹಾಗೆಯೇ, ಏಕೆಂದರೆ ಎರಡರಲ್ಲೂ ವ್ಯಂಜನ ಬೇರೆ, ಅದರ ಮೇಲಿನ ಸ್ವರ ಬೇರೆ. ಕೀಲಿಮಣೆ ಕಲಿಯುವ ತಾಳ್ಮೆ ಇಲ್ಲದ ಹೊರನಾಡ ಕನ್ನಡಿಗರು ಇದರಿಂದಲೇ ಮತ್ತೆ ಕನ್ನಡ ಬರೆಯಲು ಆರಂಭಿಸಿದರು. ಅದಕ್ಕೂ ಎರಡು ವರ್ಷ ಹಿಂದೆ, 1996ರಲ್ಲಿ, ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಯು.ಬಿ. ಪವನಜ ‘ವಿಶ್ವಕನ್ನಡ’ ಎಂಬ ಜಾಲತಾಣವನ್ನು ಅಂತರಜಾಲಕ್ಕೆ ತಂದಿದ್ದರು. ಮಕ್ಕಳು ಆಮೆಯೊಂದನ್ನು ಪರದೆಯ ಮೇಲೆ ಓಡಿಸುತ್ತ ಪ್ರೋಗ್ರಾಂ ಬರೆಯಲು ಕಲಿಯುವ ಲೋಗೋ ಭಾಷೆಯನ್ನು ಕನ್ನಡದ ಆಜ್ಞೆಗಳಿಗೆ ಹೊಂದಿಸಿದವರೂ ಅವರೇ. ಕನ್ನಡದಲ್ಲಿ ಬರೆಯುವುದು ಬೇರೆ, ಕಂಪ್ಯೂಟರಿಗೆ ಕನ್ನಡದಲ್ಲೇ ಅಪ್ಪಣೆ ಮಾಡುವುದು ಬೇರೆ. ಎರಡನೆಯದಕ್ಕೆ ಕೈ ಹಾಕಿದವರು ತೀರ ವಿರಳ.

ಸರ್ಕಾರದ ನೆರವಿನಿಂದ ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶವನ್ನು ರೂಪಿಸಿದಾಗ ಫಾಂಟಿನ ತುಂಡುಗಳಿಗೆ ಒಂದು ಶಿಷ್ಟತೆ ಬಂತು. ಬರಹವೂ ನುಡಿಯೂ ಒಂದೇ ಪಟ್ಟಿಗೆ ಒಗ್ಗಿದ್ದರಿಂದ ಕಡತಗಳು ಅತ್ತಿತ್ತ ಹೋಗತೊಡಗಿದವು. ಆದರೆ ಮೂಲದ ದೋಷ ಹಾಗೇ ಇತ್ತು. ನುಡಿ ಫಾಂಟ್ ಇಲ್ಲದ ಯಂತ್ರದಲ್ಲಿ ‘ಕನ್ನಡ’ ತೆರೆದರೆ ಕಾಣುತ್ತಿದ್ದದ್ದು ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಗೆರೆ ಹೊತ್ತ ಒಂದು ಫ್ರೆಂಚ್ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ನರ ಜೋಡಿ ‘ಎಸ್’, ಚಿಕ್ಕ ‘ಕ್ಯೂ’, ಕೊನೆಗೆ ಮತ್ತದೇ ‘ಎ’. ಏಳು ಚಿಹ್ನೆಗಳಲ್ಲಿ ಮೂರು ಒಂದೇ. ಆ ಗೆರೆ ಹೊತ್ತ ‘ಎ’ ಬೇರೇನಲ್ಲ, ತಲೆಕಟ್ಟು.

ಗೂಢಲಿಪಿ ಬಿಡಿಸುವವರಿಗೆ ಇಷ್ಟು ಸುಳಿವು ಬೇಕಾದಷ್ಟಾಯಿತು. ಒಂಬತ್ತನೆಯ ಶತಮಾನದಲ್ಲಿ, ಮಾನ್ಯಖೇಟದಲ್ಲಿ ನೃಪತುಂಗ ಆಳುತ್ತಿದ್ದ ದಿನಗಳಲ್ಲೇ, ಬಾಗ್ದಾದಿನ ಅಲ್-ಕಿಂದಿ ಎಂಬ ಪಂಡಿತ ಒಂದು ಉಪಾಯ ಬರೆದಿಟ್ಟ: ಗುಪ್ತಬರಹದಲ್ಲಿ ಯಾವ ಚಿಹ್ನೆ ಎಷ್ಟು ಸಲ ಬರುತ್ತದೆಂದು ಎಣಿಸು, ಆ ಭಾಷೆಯಲ್ಲಿ ಹೆಚ್ಚು ಬಳಕೆಯ ಅಕ್ಷರಗಳೊಂದಿಗೆ ಹೋಲಿಸು. ಹಳೆಯ ಕನ್ನಡ ಕಡತಗಳ ಪಟ್ಟಿಯನ್ನು ಹವ್ಯಾಸಿ ಪ್ರೋಗ್ರಾಮರುಗಳು ಬಿಡಿಸಿಕೊಳ್ಳಲು ಫಾಂಟನ್ನೇ ತೆರೆದು ನೋಡುವ ಸೌಕರ್ಯ ಇತ್ತು, ನಿಜ. ಫಾಂಟ್ ಕಳೆದುಹೋದಾಗ ಅಲ್-ಕಿಂದಿಯ ದಾರಿಯೇ ಗತಿ.

ಪಟ್ಟಿ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ನುಡಿಯ ಪಟ್ಟಿಯಲ್ಲಿ ಮಕಾರಕ್ಕೆ ಸ್ವಂತ ಖಾನೆ ಇಲ್ಲ. ವಕಾರ ಬರೆದು ಅದಕ್ಕೆ ಉಕಾರದ ಕೊಂಬನ್ನು ಪಕ್ಕಕ್ಕೆ ಜೋಡಿಸಿದರೆ ಕಣ್ಣಿಗೆ ಮ ಆಗುತ್ತದೆ. ಹಾಗಾದರೆ ‘ವು’ ಬರೆಯುವುದು ಹೇಗೆ? ಅದಕ್ಕೆ ಬೇರೊಂದು ಕೊಂಬು. ಕೈಬರಹದಲ್ಲಿ ಕನ್ನಡಿಗರು ಶತಮಾನಗಳಿಂದ ಮಾಡಿಕೊಂಡು ಬಂದ ಭೇದವೇ ಇದು, ಆದರೆ ಒಂದು ಪಟ್ಟಿಯ ಕಡತವನ್ನು ಇನ್ನೊಂದಕ್ಕೆ ಬದಲಿಸುವ ಪರಿವರ್ತಕವನ್ನು ಬರೆಯುವವನು ಇದನ್ನು ನಿಯಮವಾಗಿ ಹೇಳಿಕೊಡದಿದ್ದರೆ ‘ಮನೆ’ ಎಂಬುದು ‘ವುನೆ’ ಆಗಿ ಹೊರಬರುತ್ತದೆ. ಅರ್ಕಾವೊತ್ತಿನದು ಇನ್ನೊಂದು ರಗಳೆ. ‘ಅರ್ಕ’ದಲ್ಲಿ ಉಚ್ಚಾರಕ್ಕೆ ರೇಫ ಮೊದಲು, ಬರವಣಿಗೆಯಲ್ಲಿ ಕೊನೆಗೆ. ಹಳೆಯ ಫಾಂಟು ಕಣ್ಣಿನ ಕ್ರಮವನ್ನು ಇಟ್ಟುಕೊಂಡರೆ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿಯಾದ ಯುನಿಕೋಡು ಕಿವಿಯ ಕ್ರಮವನ್ನು ಕೇಳುತ್ತದೆ. ಪರಿವರ್ತಕ ಪ್ರತಿ ಅರ್ಕಾವೊತ್ತನ್ನೂ ಹಿಡಿದು ಅಕ್ಷರದ ಹಿಂದಕ್ಕೆ ಸರಿಸಬೇಕು. ನಡುವೆ ಒತ್ತೋ ದೀರ್ಘವೋ ಇದ್ದರೆ ಅದನ್ನೂ ದಾಟಿಸಬೇಕು. ಅರವಿಂದ ವಿ.ಕೆ. ಬರೆದು ಮುಕ್ತವಾಗಿ ಬಿಟ್ಟ ಪರಿವರ್ತಕ ಇಂಥ ನಿಯಮಗಳ ಕಟ್ಟು. ‘ಗುಬ್ಬಿ’ ಮತ್ತು ‘ನವಿಲು’ ಎಂಬ ಮುಕ್ತ ಫಾಂಟುಗಳಲ್ಲೂ ಅವರ ಕೆಲಸವಿದೆ. ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳಲ್ಲಿ ಅವು ಸೇರಿವೆ.

ಯುನಿಕೋಡಿನ ಮೊದಲ ಆವೃತ್ತಿ 1991ರಲ್ಲೇ ಬಂದಿತ್ತು, ಅದರಲ್ಲಿ ಕನ್ನಡವೂ ಇತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ತಮ್ಮದೇ ಸಂಖ್ಯೆಗಳು. ಯಾರ ಜಾಗವನ್ನೂ ಯಾರೂ ಕದಿಯಬೇಕಿಲ್ಲ. ಅಲ್ಲಿ ‘ಕನ್ನಡ’ ಎಂದರೆ 3221, 3240, 3277, 3240, 3233. ಐದು ಸಂಖ್ಯೆಗಳು, ನಡುವಿನ 3277 ಕೊಂಡಿ. ಕೆ.ಪಿ. ರಾಯರ ಐದು ಕೀಲಿಗಳ ಕ್ರಮವೂ ಇದೇ. ಪಟ್ಟಿ ಇದ್ದರೂ ಅದನ್ನು ಅಕ್ಷರವಾಗಿ ಕಟ್ಟಬಲ್ಲ ವ್ಯವಸ್ಥೆ ಸಾಮಾನ್ಯರ ಕೈಗೆ ಸಿಕ್ಕಿದ್ದು 2001ರಲ್ಲಿ, ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನೊಂದಿಗೆ ಬಂದಾಗ. ಲಿನಕ್ಸ್ ಕಡೆಯಲ್ಲಿ ಅದೇ ಕೆಲಸವನ್ನು ಸ್ವಯಂಸೇವಕರು ಮಾಡಿದರು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಕನ್ನಡಕ್ಕೆ ಯುನಿಕೋಡ್ ತಂತ್ರಾಂಶ ಬೇಕೆಂದು ಗಟ್ಟಿಯಾಗಿ ಕೇಳಿದವರಲ್ಲಿ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಒಬ್ಬರು. ಮೂಡಿಗೆರೆಯ ತೋಟದಲ್ಲಿ ಕುಳಿತು ಕ್ಯಾಮೆರಾ, ಕಂಪ್ಯೂಟರುಗಳನ್ನು ಬಿಚ್ಚಿ ಅರಿಯುತ್ತಿದ್ದ ಅವರಿಗೆ ಇದು ಬರಿಯ ಭಾಷಾಭಿಮಾನದ ಮಾತಾಗಿರಲಿಲ್ಲ. ಮುಂದೆ ಕೆ. ಚಿದಾನಂದ ಗೌಡರ ಅಧ್ಯಕ್ಷತೆಯ ಸಮಿತಿಯೂ ಸರ್ಕಾರಕ್ಕೆ ಯುನಿಕೋಡನ್ನೇ ಶಿಫಾರಸು ಮಾಡಿತು.

ಯುನಿಕೋಡಿನ ಪಟ್ಟಿಯಲ್ಲಿ ಕನ್ನಡದ ನೆರೆಮನೆ ತೆಲುಗು. ತೆಲುಗಿಗೆ 3072ರಿಂದ 3199, ಕನ್ನಡಕ್ಕೆ 3200ರಿಂದ 3327. ಇಸ್ಕಿಯ ಏಕರೂಪದ ಕ್ರಮವನ್ನೇ ಯುನಿಕೋಡ್ ಇಲ್ಲಿ ಎತ್ತಿಕೊಂಡದ್ದರಿಂದ ಎರಡೂ ಮನೆಗಳ ಕೋಣೆಗಳು ಒಂದೇ ನಕ್ಷೆಯವು. ತೆಲುಗಿನ ಕಕಾರ 3093. ಅದಕ್ಕೆ 128 ಸೇರಿಸಿದರೆ ಕನ್ನಡದ 3221. ತೆಲುಗು ಲಿಪಿಯಲ್ಲಿ ಬರೆದ ‘ಕನ್ನಡ’ ಎಂಬ ಪದದ 3093, 3112, 3149, 3112, 3105ಕ್ಕೆ ತಲಾ 128 ಕೂಡಿಸಿದರೆ ಪದ ಕನ್ನಡ ಲಿಪಿಗೆ ಬರುತ್ತದೆ. ಪ್ರೋಗ್ರಾಂ ಕಲಿಯುತ್ತಿರುವ ಹುಡುಗನೊಬ್ಬ ನಾಲ್ಕು ಸಾಲಿನಲ್ಲಿ ಬರೆಯಬಹುದಾದ ಲಿಪ್ಯಂತರ ಇದು. ಅಕ್ಷರವನ್ನು ಇಂತಿಷ್ಟು ಸ್ಥಾನ ಮುಂದೆ ಸರಿಸುವ ರೋಮಿನ ಸೀಸರನ ಗುಪ್ತಲಿಪಿಯ ಲೆಕ್ಕವೂ ಇದೇ. ಸೀಸರ್ ಮರೆಸಲು ಸರಿಸಿದ, ಇಲ್ಲಿ ಸರಿಸುವುದು ಓದಿಸಲು.

ಈ 128ರ ಅಂತರದ ಉಪಯೋಗ ಅಲಂಪುರದ ಸೀಮೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ತುಂಗಭದ್ರೆಯ ದಡದ ಅಲಂಪುರದಲ್ಲಿ ಬಾದಾಮಿಯ ಚಾಲುಕ್ಯರು ಏಳು-ಎಂಟನೆಯ ಶತಮಾನಗಳಲ್ಲಿ ನವಬ್ರಹ್ಮ ದೇಗುಲಗಳನ್ನು ಕಟ್ಟಿಸಿದಾಗ ಕನ್ನಡ ಲಿಪಿ, ತೆಲುಗು ಲಿಪಿ ಎಂಬ ಭೇದವೇ ಇರಲಿಲ್ಲ. ಇಬ್ಬರಿಗೂ ಒಂದೇ ಅಕ್ಷರ. ಅದೇ ಚಾಲುಕ್ಯರ ಕಾಲದಲ್ಲಿ, 754ರ ಸುಮಾರಿಗೆ, ಪಟ್ಟದಕಲ್ಲಿನ ಕಂಬವೊಂದರಲ್ಲಿ ಒಂದೇ ಶಾಸನಪಾಠವನ್ನು ಉತ್ತರದ ಸಿದ್ಧಮಾತೃಕೆಯಲ್ಲಿಯೂ ದಕ್ಷಿಣದ ಈ ಲಿಪಿಯಲ್ಲಿಯೂ ಕೆತ್ತಲಾಯಿತು. ಲಿಪಿ ಬದಲಾದರೂ ಪಾಠ ಅದೇ ಎಂಬುದನ್ನು ಕಲ್ಲುಕುಟಿಗರೂ ಅರಿತಿದ್ದರು. ಕನ್ನಡ ತೆಲುಗುಗಳ ದಾರಿ ನಿಧಾನವಾಗಿ ಕವಲೊಡೆದು, ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚುಮೊಳೆಗಳು ಎರಕಗೊಂಡಾಗ ಬೇರ್ಪಡಿಕೆ ಗಟ್ಟಿಯಾಯಿತು.

ಆಡಳಿತದ ಗೆರೆ ಬಿದ್ದದ್ದು ಇನ್ನೂ ಈಚೆಗೆ. ಅಲಂಪುರ ಮತ್ತು ಗದ್ವಾಲ ತಾಲ್ಲೂಕುಗಳು 1956ರ ಅಕ್ಟೋಬರ್ ಮುಗಿಯುವವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಈ ಎರಡು ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಹೋದವು. ಈಗ ಅವು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆ. ಪಕ್ಕದ ಮಕ್ತಲ್, ನಾರಾಯಣಪೇಟೆಗಳು ನಾರಾಯಣಪೇಟೆ ಜಿಲ್ಲೆಯಲ್ಲಿವೆ. ಕನ್ನಡ ಮನೆಮಾತಾಗಿರುವ ಕುಟುಂಬಗಳಿಗೆ ಇಲ್ಲಿ ಊರಿನ ಫಲಕ, ಪಹಣಿ, ಬಸ್ಸಿನ ಹೆಸರು ಎಲ್ಲವೂ ತೆಲುಗಿನಲ್ಲಿ. ತೆಲುಗು ಮಾತು ಅರ್ಥವಾಗಿ ಲಿಪಿ ಮಾತ್ರ ತೊಡಕಾದ ಹಿರಿಯರಿಗೂ, ಕನ್ನಡ ಅರ್ಥವಾಗಿ ತೆಲುಗು ಲಿಪಿಯಷ್ಟೇ ಬಲ್ಲ ಎಳೆಯರಿಗೂ ಮೊಬೈಲಿನೊಳಗಿನ ಈ ಸರಳ ಕೂಡಿಕೆ, ಕಳೆಯುವಿಕೆ ಸಾಕಾಗುತ್ತದೆ. ಹಳೆಯ ಫಾಂಟುಗಳ ಕಾಲದಲ್ಲಿ ಇದು ಕನಸಿನ ಮಾತು.

ಎಲ್ಲ ಕೋಣೆಗಳೂ ಹೊಂದುತ್ತವೆ ಎಂದಲ್ಲ. ತೆಲುಗಿನ ದಂತ್ಯ ಚ, ಜ ಅಕ್ಷರಗಳಿಗೆ ಕನ್ನಡದಲ್ಲಿ ಪ್ರತಿರೂಪವಿಲ್ಲ. ಹಳಗನ್ನಡದ ೞಕಾರ 3294ರಲ್ಲಿ ಒಂಟಿಯಾಗಿ ಕೂತಿದೆ; ಮೇಲಾಗಿ ಯುನಿಕೋಡಿನವರು ಅದಕ್ಕೆ ತಪ್ಪಾಗಿ ‘ಫ’ ಎಂದು ಅಧಿಕೃತ ಹೆಸರಿಟ್ಟಿದ್ದಾರೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಅವರ ನಿಯಮ, ಆದ್ದರಿಂದ ಪಂಪನ ೞಕಾರ ಜಗತ್ತಿನ ಪ್ರತಿ ಕಂಪ್ಯೂಟರಿನಲ್ಲೂ ಆ ತಪ್ಪು ಹೆಸರಿನಲ್ಲೇ ಉಳಿಯಲಿದೆ. ಪಟ್ಟಿ ಮಾಡುವ ಮೇಜಿನ ಬಳಿ ಹಳಗನ್ನಡ ಬಲ್ಲವರೊಬ್ಬರು ಕುಳಿತಿದ್ದರೆ ಇದು ತಪ್ಪುತ್ತಿತ್ತು.

ಅಕ್ಷರ ಬೀಗದಿಂದ ಹೊರಬಂದ ಮೇಲೆ ಹವ್ಯಾಸಿಗಳ ಕೆಲಸದ ಬಗೆ ಬದಲಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ವರು ಪ್ರಾಧ್ಯಾಪಕರು ಖಾಸಗಿ ಎಂಜಿನಿಯರುಗಳ ಜೊತೆ ಸೇರಿ 2001ರಲ್ಲಿ ತೋರಿಸಿದ ಅಂಗೈ ಗಣಕ ‘ಸಿಂಪ್ಯೂಟರ್’ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಅದಕ್ಕಾಗಿ ಬರೆದ ‘ಧ್ವನಿ’ ಎಂಬ, ಪಠ್ಯವನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಮಾತ್ರ ಮುಕ್ತವಾಗಿದ್ದುದರಿಂದ ಸ್ವಯಂಸೇವಕರ ಕೈಯಲ್ಲಿ ಮುಂದುವರಿಯಿತು. ಓಂಶಿವಪ್ರಕಾಶ್ ಮತ್ತು ಗೆಳೆಯರ ‘ಸಂಚಯ’ ತಂಡ ಸಾವಿರಾರು ವಚನಗಳನ್ನು ಹಳೆಯ ಸಂಕೇತದಿಂದ ಯುನಿಕೋಡಿಗೆ ತಂದು ‘ವಚನ ಸಂಚಯ’ವಾಗಿ ಒಂದೊಂದು ಪದವನ್ನೂ ಹುಡುಕುವಂತೆ ಮಾಡಿತು. ಬಸವಣ್ಣನವರು ಒಂದು ಪದವನ್ನು ಎಲ್ಲೆಲ್ಲಿ ಬಳಸಿದ್ದಾರೆ ಎಂಬ ಪ್ರಶ್ನೆಗೆ ಹಿಂದೆ ಒಬ್ಬ ಸಂಶೋಧಕನ ವರ್ಷಗಳು ಬೇಕಾಗಿದ್ದವು.

ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಮೇಜಿನ ಮೇಲೆ ಕನ್ನಡ ಇನ್ನೂ ಪೂರ್ತಿ ಇಳಿದಿಲ್ಲ. ಪುಟ್ಟ ಚಿಪ್ಪಿನ ಹಲಗೆಯಾದ ಆರ್ಡುಯಿನೊ ಕಲಿಯುವವರು ಸಾಮಾನ್ಯವಾಗಿ ಮೊದಲು ಕೊಳ್ಳುವ ಎರಡು ಸಾಲಿನ ಪರದೆಯಲ್ಲಿ ಒಂದೊಂದು ಅಕ್ಷರಕ್ಕೆ ಸಿಗುವುದು ಐದು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರ. ಬಳಕೆದಾರ ತಾನೇ ಬರೆದು ಸೇರಿಸಬಹುದಾದ ಆಕಾರಗಳು ಎಂಟೇ ಎಂಟು. ಅಷ್ಟರಲ್ಲಿ ‘ಸ್ತ್ರೀ’ ಹಿಡಿಸುವುದು ಆಗದ ಮಾತು. ಚುಕ್ಕಿಪರದೆಯಾದರೆ ಜಾಗವಿದೆ, ಆದರೆ ಸಂಖ್ಯೆಗಳನ್ನು ಒತ್ತು, ಗುಣಿತಗಳಾಗಿ ಕಟ್ಟುವ ತಂತ್ರಾಂಶಕ್ಕೆ ಆ ಪುಟ್ಟ ಚಿಪ್ಪಿನ ಸ್ಮೃತಿ ಸಾಲದು. ಪದವನ್ನು ಕಂಪ್ಯೂಟರಿನಲ್ಲೇ ಚಿತ್ರ ಮಾಡಿ ಚಿಪ್ಪಿಗೆ ಚಿತ್ರವಾಗಿ ಕಳಿಸುವುದು ಸದ್ಯದ ಉಪಾಯ. ಲಿನಕ್ಸ್ ಓಡಿಸುವ ರಾಸ್ಪ್‌ಬೆರಿ ಪೈನಂಥ ಹಲಗೆಗಳಲ್ಲಿ ಈ ತೊಂದರೆ ಇಲ್ಲ. ಗುಬ್ಬಿ ಫಾಂಟ್ ಹಾಕಿದರೆ ಕನ್ನಡ ಸಲೀಸಾಗಿ ಮೂಡುತ್ತದೆ.

ಹಳೆಯ ಬೀಗಗಳು ಮಾತ್ರ ಇನ್ನೂ ಮನೆಮನೆಯಲ್ಲಿವೆ. ತೊಂಬತ್ತರ ದಶಕದಲ್ಲಿಯೂ ಅದರ ಮುಂದಿನ ದಶಕದಲ್ಲಿಯೂ ಅಚ್ಚಾದ ಕನ್ನಡ ಪುಸ್ತಕಗಳ ಮೂಲ ಕಡತಗಳು ಸಿ.ಡಿ.ಗಳಲ್ಲಿ, ಡಿಟಿಪಿ ಅಂಗಡಿಯ ಹಳೆಯ ಯಂತ್ರಗಳಲ್ಲಿ ಒಂದೊಂದು ಕಂಪನಿಯ ಪಟ್ಟಿಯಲ್ಲಿ ಕೂತಿವೆ. ನುಡಿ, ಬರಹಗಳ ಕಡತಗಳಿಗೆ ಉಚಿತ ಪರಿವರ್ತಕಗಳಿವೆ. ಉಳಿದವಕ್ಕೆ ಆಯಾ ಫಾಂಟೇ ಕೀಲಿ. ಅಂಥ ಕಡತ ಇಟ್ಟುಕೊಂಡಿರುವ ಲೇಖಕರು, ಪ್ರಕಾಶಕರು ಅದನ್ನು ಈಗಲೇ ಯುನಿಕೋಡಿಗೆ ಬದಲಿಸಿಕೊಳ್ಳಲಿ. ಅದು ಆಗದಿದ್ದರೆ ಕಡತದ ಜೊತೆಗೆ ಫಾಂಟಿನ ಒಂದು ಪ್ರತಿಯನ್ನಾದರೂ ತಪ್ಪದೆ ತೆಗೆದಿಡಲಿ.